ಸ್ಟಾರ್‌ಬೇಸ್ 118: ಪಾತ್ರ ಹಿಡಿದು ಬರೆಯಲು ಕಲಿಯುವವರಿಗೊಂದು ನೌಕೆ

ಒಂದೇ ಕಥೆಯನ್ನು ಹತ್ತು ಹನ್ನೆರಡು ಮಂದಿ ಸೇರಿ ಬರೆಯುತ್ತಾರೆ. ಪ್ರತಿಯೊಬ್ಬರಿಗೂ ತಮ್ಮದೆನ್ನುವ ಒಂದು ಪಾತ್ರವಿರುತ್ತದೆ. ಆ ಪಾತ್ರದ ಮಾತು, ನಡೆ, ಮನಸ್ಸು ಇಷ್ಟೇ ಅವರ ಅಧೀನ, ಉಳಿದವರ ಪಾತ್ರಗಳ ಬಾಯಿಗೆ ಮಾತು ತುರುಕುವ ಹಾಗಿಲ್ಲ. ಇಂತಹ ಬರವಣಿಗೆಗೆ ಅಂತರ್ಜಾಲದಲ್ಲಿ ರೋಲ್‌ಪ್ಲೇ ಎಂಬ ಹೆಸರಿದೆ. ಬಾಹ್ಯಾಕಾಶ ನೌಕೆಗಳ ಕಥೆ ಬರೆಯುವವರು ಅದನ್ನು ಚುಟುಕಾಗಿ ಸಿಮ್ ಎನ್ನುತ್ತಾರೆ. 1966ರಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ಆರಂಭವಾದ ಸ್ಟಾರ್ ಟ್ರೆಕ್ ಸರಣಿಯ ಜಗತ್ತನ್ನು ಆಧಾರವಾಗಿಟ್ಟುಕೊಂಡು ಇಂತಹ ಕಥೆಗಳನ್ನು ಬರೆಯುತ್ತಿರುವ ಹಳೆಯ ಬಳಗಗಳಲ್ಲಿ ಸ್ಟಾರ್‌ಬೇಸ್ 118 ಒಂದು. 1994ರಲ್ಲಿ ಹುಟ್ಟಿದ ಈ ಬಳಗ ಪೂರ್ತಿಯಾಗಿ ಸ್ವಯಂಸೇವಕರಿಂದ ನಡೆಯುತ್ತದೆ, ಸೇರುವುದಕ್ಕೆ ಶುಲ್ಕವಿಲ್ಲ. ಎರಡು ವರ್ಷಗಳಿಂದ ಅದರ ಒಂದು ನೌಕೆಯಲ್ಲಿ, ಅಂದರೆ ಕೂಡಿ ಬರೆಯುವ ಒಂದು ತಂಡದಲ್ಲಿ, ಪಾತ್ರ ಹಿಡಿದು ಬರೆಯುತ್ತಿರುವ ನಾನು, ಹೊಸದಾಗಿ ಈ ಹವ್ಯಾಸಕ್ಕೆ ಇಳಿಯುವವರಿಗೆ ಅದು ಎಷ್ಟರಮಟ್ಟಿಗೆ ಒಗ್ಗುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ನೇರವಾಗಿ ಇಲ್ಲಿಗೆ ಬಂದವನಲ್ಲ. ಅದಕ್ಕೂ ಮೊದಲು, ಹೆಸರು ಹೇಳಬೇಕಿಲ್ಲದ ಒಂದು ಚಿಕ್ಕ ಗುಂಪಿನಲ್ಲಿ ಐದು ತಿಂಗಳು ಬರೆದಿದ್ದೆ. ಅಲ್ಲಿ ಚಾಟ್ ಕಿಟಕಿಯಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ಬರೆಯಬಹುದಿತ್ತು. ಕೇಳುವುದಕ್ಕೆ ಇದು ಬಹಳ ಮುಕ್ತವಾದ ಏರ್ಪಾಡು ಅನ್ನಿಸಿದರೂ ನಡೆದದ್ದು ಬೇರೆ. ಗುಂಪು ಕಟ್ಟಿದವರ ಪಾತ್ರಕ್ಕೆ ಗುಂಡು ತಾಗುತ್ತಿರಲಿಲ್ಲ, ವಿಷ ಏರುತ್ತಿರಲಿಲ್ಲ, ಯಾವ ಯಂತ್ರವೂ ಅದರ ಕೈಯಲ್ಲಿ ಕೆಡುತ್ತಿರಲಿಲ್ಲ. ನಾನು ಮೂರು ದಿನ ಯೋಚಿಸಿ ಬರೆದ ಒಂದು ಅಪಘಾತವನ್ನು ಅವರು ಎರಡು ಸಾಲಿನಲ್ಲಿ ಸರಿಪಡಿಸಿ, ನನ್ನ ಪಾತ್ರವೇ ಅವರಿಗೆ ಕೃತಜ್ಞತೆ ಹೇಳಿದಂತೆ ಬರೆದು ಮುಗಿಸಿದರು. ಆಮೇಲೆ ಒಂದು ದಿನ ಅವರು ಮಾಯವಾದರು, ನಮ್ಮ ನೌಕೆ ಕ್ಷುದ್ರಗ್ರಹಗಳ ನಡುವೆ ಹಾಗೆಯೇ ನಿಂತಿತು. ಇಂದಿಗೂ ಅಲ್ಲಿಯೇ ನಿಂತಿರಬಹುದು.

ಸ್ಟಾರ್‌ಬೇಸ್ 118ರ ಪ್ರವೇಶದ ಕ್ರಮ ಇದಕ್ಕೆ ತದ್ವಿರುದ್ಧ. ಪಾತ್ರದ ಹೆಸರು, ಜಾತಿ (ಇಲ್ಲಿ ಜಾತಿ ಎಂದರೆ ಮನುಷ್ಯನೋ ವಲ್ಕನ್ ಎಂಬ ಅನ್ಯಗ್ರಹದವನೋ ಎಂಬ ಅರ್ಥ, ಅಷ್ಟು ಮಾತ್ರ ಕೇಳುವ ಅರ್ಜಿಯನ್ನು ತುಂಬುವುದೇ ಒಂದು ಸಮಾಧಾನ), ಇಷ್ಟಪಡುವ ಹುದ್ದೆ ಮೊದಲಾದ ವಿವರಗಳನ್ನು ಕೊಟ್ಟು ಅರ್ಜಿ ಹಾಕಬೇಕು. ವೈದ್ಯಕೀಯ, ಎಂಜಿನಿಯರಿಂಗ್, ವಿಜ್ಞಾನ, ಭದ್ರತೆ, ನೌಕಾಚಾಲನೆ ಮುಂತಾದ ವಿಭಾಗಗಳಿವೆ. ನೀವು ನಿಜ ಜೀವನದಲ್ಲಿ ಮುಖ್ಯ ಎಂಜಿನಿಯರೇ ಆಗಿದ್ದರೂ ತರಬೇತಿ ಮುಗಿಸಿದ ನಂತರ ಸಿಗುವುದು ಎನ್ಸೈನ್ ಎಂಬ ಕಿರಿಯ ಅಧಿಕಾರಿಯ ದರ್ಜೆ ಮಾತ್ರ. ಬಡ್ತಿ ಏನಿದ್ದರೂ ಬರೆದು ಸಂಪಾದಿಸಬೇಕು. ಮೊದಲಿಗೆ ಇದು ನನಗೆ ಸ್ವಲ್ಪ ಕಸಿವಿಸಿಯನ್ನು ತಂದಿತ್ತು. ಆದರೆ ಇದೇ ಸ್ಟಾರ್ ಟ್ರೆಕ್ ಅಭಿಮಾನಿಗಳ ಪತ್ರಿಕೆಯೊಂದರಲ್ಲಿ 1973ರಲ್ಲಿ ಬಂದ ಅಣಕು ಕಥೆಯನ್ನು ನೆನೆದರೆ ಆ ನಿಯಮದ ಹಿಂದಿನ ವಿವೇಕ ಅರ್ಥವಾಗುತ್ತದೆ. ಆ ಕಥೆಯ ನಾಯಕಿ ಹದಿನೈದೂವರೆ ವರ್ಷದ ಹುಡುಗಿ, ಇಡೀ ನೌಕಾಪಡೆಯಲ್ಲೇ ಅತಿ ಕಿರಿಯ ಲೆಫ್ಟಿನೆಂಟ್, ಅವಳಿಗೆ ಬಾರದ ವಿದ್ಯೆಯೇ ಇಲ್ಲ. ಎಲ್ಲದರಲ್ಲಿಯೂ ಗೆಲ್ಲುವ ಸ್ವಪ್ರತಿಷ್ಠೆಯ ಪಾತ್ರಕ್ಕೆ ಮೇರಿ ಸೂ ಎಂಬ ಅಡ್ಡಹೆಸರು ಬಂದದ್ದು ಅವಳಿಂದಲೇ. ನಾನು ಮೊದಲು ಕಲ್ಪಿಸಿಕೊಂಡಿದ್ದ ಪಾತ್ರವೂ ಏಳು ಭಾಷೆ ಬಲ್ಲ ಶಸ್ತ್ರಚಿಕಿತ್ಸಕನಾಗಿದ್ದು, ಬಿಡುವಿನಲ್ಲಿ ಯುದ್ಧನೌಕೆಯನ್ನೂ ಓಡಿಸುತ್ತಿದ್ದ. ಅವನನ್ನು ಬಿಟ್ಟುಕೊಟ್ಟು, ತುಂಗಾ ಶಾನುಭೋಗ ಎಂಬ ಸಸ್ಯವಿಜ್ಞಾನಿಯನ್ನು ಆರಿಸಿಕೊಂಡೆ. ಅವಳಿಗೆ ಗಿಡಗಳ ಲೆಕ್ಕ ಚೆನ್ನಾಗಿ ಬರುತ್ತದೆ, ಮನುಷ್ಯರ ಮುಖ ಓದಲು ಬರುವುದಿಲ್ಲ. ಬರೆಯುವುದಕ್ಕೆ ಅಷ್ಟೇ ಸಾಕಾಯಿತು.

ಅರ್ಜಿಯ ಬಳಿಕ ಸುಮಾರು ಒಂದು ವಾರದ ತರಬೇತಿ. ಈ ಸೇವೆಯ ಅತ್ಯುತ್ತಮ ಭಾಗ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಹೊಸಬರನ್ನೆಲ್ಲ ಒಂದು ತರಬೇತಿ ತಂಡಕ್ಕೆ ಸೇರಿಸಿ, ತರಬೇತುದಾರರೊಬ್ಬರು ಹಿರಿಯ ಅಧಿಕಾರಿಯ ಪಾತ್ರ ಹಿಡಿದು, ಒಂದು ಪುಟ್ಟ ಕೃತಕ ಸಂಕಟವನ್ನು ಮುಂದಿಡುತ್ತಾರೆ. ಕಥೆಯೊಳಗೆ ಆ ಅಧಿಕಾರಿ ಗದರಬಹುದು, ಆದರೆ ಕಥೆಯ ಹೊರಗೆ ಅದೇ ವ್ಯಕ್ತಿ ಬಹಳ ಸೌಜನ್ಯದಿಂದ ನಿಮ್ಮ ಬರಹದ ಬಗ್ಗೆ ಟಿಪ್ಪಣಿ ಕಳಿಸುತ್ತಾರೆ. ಪಾತ್ರವಾಗಿ ಆಡುವ ಮಾತು ಬೇರೆ, ಬರೆಯುವವರಾಗಿ ಆಡುವ ಮಾತು ಬೇರೆ ಎಂಬ ಗೆರೆಯನ್ನು ಅಲ್ಲಿ ಮೊದಲ ದಿನದಿಂದಲೇ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಎರಡು ಪಾತ್ರಗಳು ಜಗಳವಾಡುತ್ತಿರುವಾಗ ಅವುಗಳನ್ನು ಬರೆಯುವ ಇಬ್ಬರು ಪಕ್ಕದಲ್ಲಿ ಕುಳಿತು ನಗುತ್ತಿರುವುದು ಸಾಧ್ಯವಾಗುವುದು ಈ ಗೆರೆಯಿಂದಾಗಿಯೇ.

ನನ್ನ ಮೊದಲ ಬರಹವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ವಿದ್ಯುತ್ ಕೈಕೊಟ್ಟ ನೌಕೆಯಲ್ಲಿ ಏನು ಮಾಡುತ್ತೀರಿ ಎಂಬುದು ತರಬೇತಿಯ ಪ್ರಶ್ನೆ. ನಾನು ದೋಷ ಹುಡುಕಿದೆ, ದುರಸ್ತಿ ಮಾಡಿದೆ, ದೀಪಗಳು ಹೊತ್ತಿಕೊಂಡವು, ಕ್ಯಾಪ್ಟನ್ ಬೆನ್ನು ತಟ್ಟಿದರು. ಒಟ್ಟು ಒಂಬೈನೂರು ಪದ. ಬರಹ ಚೆನ್ನಾಗಿದೆ ಎಂದೇ ಟಿಪ್ಪಣಿ ಆರಂಭವಾಗಿತ್ತು, ಆದರೆ ಅದರ ಮುಂದಿನ ಪ್ರಶ್ನೆ ಹೀಗಿತ್ತು: ಇನ್ನು ಉಳಿದ ನಾಲ್ವರು ಏನು ಬರೆಯಬೇಕು? ನಾನು ಹಿಂದಿನ ಗುಂಪಿನ ನಾಯಕರನ್ನು ಯಾವ ತಪ್ಪಿಗಾಗಿ ಬೈಯುತ್ತಿದ್ದೆನೋ ಅದನ್ನೇ, ಇನ್ನಷ್ಟು ಚಂದದ ವಾಕ್ಯಗಳಲ್ಲಿ, ಮಾಡಿಟ್ಟಿದ್ದೆ.

ಬರಹದ ಸ್ವರೂಪವೂ ಈ ತಪ್ಪಿಗೆ ಅವಕಾಶ ಕೊಡದಂತೆ ರೂಪುಗೊಂಡಿದೆ. ಇಲ್ಲಿ ಕಾದಂಬರಿಯ ಗದ್ಯವನ್ನು ಬರೆಯುವುದಿಲ್ಲ, ನಾಟಕದ ಹಸ್ತಪ್ರತಿಯನ್ನು ಹೋಲುವ ಒಂದು ಕ್ರಮವಿದೆ. ಸ್ಥಳವನ್ನು ಜೋಡಿ ಆವರಣಗಳ ನಡುವೆ, ಕ್ರಿಯೆಯನ್ನು ಜೋಡಿ ವಿವರಣಚಿಹ್ನೆಗಳ ನಡುವೆ, ಮಾತನ್ನು ಪಾತ್ರದ ಹೆಸರಿನ ಮುಂದೆ ಬರೆಯಬೇಕು. ಮನಸ್ಸಿನೊಳಗಿನ ಮಾತಿಗೆ ಇಂಗ್ಲಿಷಿನ ಸಣ್ಣ ಮತ್ತು ದೊಡ್ಡ ‘ಓ’ ಅಕ್ಷರಗಳ ಜೋಡಿಯನ್ನು ಬಳಸುತ್ತಾರೆ. ಚಿತ್ರಕಥೆಗಳಲ್ಲಿ ಯೋಚನೆಯ ಗುಳ್ಳೆಗಳಿರುತ್ತವಲ್ಲ, ನೋಡಲು ಹಾಗೆಯೇ ಇರುತ್ತದೆ. ನನ್ನದೊಂದು ದೃಶ್ಯವನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ:

((ವಿಜ್ಞಾನ ಪ್ರಯೋಗಾಲಯ, ಏಳನೆಯ ಅಂತಸ್ತು))

::ತುಂಗಾ ಗಾಜಿನ ಪೆಟ್ಟಿಗೆಯತ್ತ ಬಗ್ಗಿದಳು. ನಿನ್ನೆ ಎಂಟು ಎಲೆಗಳಿದ್ದ ಗಿಡದಲ್ಲಿ ಇಂದು ಏಳೇ ಇದ್ದವು. ಪೆಟ್ಟಿಗೆಯ ಮೊಹರು ಹಾಕಿದ ಹಾಗೆಯೇ ಇತ್ತು.::

ತುಂಗಾ: ಡಾಕ್ಟರ್, ನಿನ್ನೆ ರಾತ್ರಿ ಈ ಕೋಣೆಗೆ ಬಂದವರು ನೀವೊಬ್ಬರೇ ಎಂದು ದಾಖಲೆ ಹೇಳುತ್ತಿದೆ.

ಡಾಕ್ಟರ್: ಉತ್ತರ

::ತುಂಗಾ ಪೆಟ್ಟಿಗೆಯ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.::

ತುಂಗಾ: ಎಂಟನೆಯ ಎಲೆಯ ಬಗ್ಗೆ ನನ್ನ ವರದಿಯಲ್ಲಿ ಏನೆಂದು ಬರೆಯಲಿ?

ಡಾಕ್ಟರ್: ಉತ್ತರ

‘ಉತ್ತರ’ ಎಂದು ಖಾಲಿ ಬಿಟ್ಟಿರುವ ಜಾಗಕ್ಕೆ ಟ್ಯಾಗ್ ಎನ್ನುತ್ತಾರೆ. ಡಾಕ್ಟರ್ ಪಾತ್ರವನ್ನು ಬರೆಯುವವರು ಈ ದೃಶ್ಯವನ್ನು ಹಾಗೆಯೇ ನಕಲು ಮಾಡಿಕೊಂಡು, ಖಾಲಿ ಜಾಗಗಳನ್ನು ತುಂಬಿ, ಮುಂದಿನ ಒಂದಿಷ್ಟನ್ನು ಬೆಳೆಸಿ, ನನಗೆ ಹೊಸ ಖಾಲಿ ಜಾಗಗಳನ್ನು ಬಿಟ್ಟು ಕಳಿಸುತ್ತಾರೆ. ನೋಡುವುದಕ್ಕೆ ಸರಳವಾದ ಈ ಏರ್ಪಾಡಿನಲ್ಲಿ ಒಂದು ಸೂಕ್ಷ್ಮವಿದೆ: ಮೊದಲ ಖಾಲಿ ಜಾಗದಲ್ಲಿ ಏನು ಬರುತ್ತದೆಂದು ತಿಳಿಯದೆಯೇ ನಾನು ಎರಡನೆಯ ಪ್ರಶ್ನೆಯನ್ನು ಬರೆದಿರಬೇಕು. ಡಾಕ್ಟರ್ ಒಪ್ಪಿಕೊಂಡರೂ, ಅಲ್ಲಗಳೆದರೂ, ಮಾತು ತಪ್ಪಿಸಿ ಹವಾಮಾನದ ಬಗ್ಗೆ ಹರಟಿದರೂ ತುಂಗಾಳ ಮುಂದಿನ ಮಾತು ಅಸಂಬದ್ಧವಾಗಬಾರದು. ನನ್ನ ಮೊದಲ ಕರಡಿನಲ್ಲಿ ಅವಳು ‘ಸುಳ್ಳು ಹೇಳಬೇಡಿ’ ಎಂದಿದ್ದಳು. ಹಾಗೆಂದರೆ ಡಾಕ್ಟರ್ ಸುಳ್ಳನ್ನೇ ಹೇಳಬೇಕೆಂದು ನಾನು ತೀರ್ಮಾನಿಸಿಬಿಟ್ಟಂತಾಯಿತು; ಆ ತೀರ್ಮಾನದ ಹಕ್ಕು ನನ್ನದಲ್ಲ. ಮರುದಿನ ಬಂದ ಉತ್ತರದಲ್ಲಿ ಡಾಕ್ಟರ್ ಏನನ್ನೂ ಹೇಳದೆ ಅಂಗಿಯ ತೋಳನ್ನು ಮೇಲೆ ಸರಿಸಿದ್ದರು, ಮಣಿಕಟ್ಟಿನ ಚರ್ಮದ ಕೆಳಗೆ ಆ ಎಲೆ ಹಸಿರಾಗಿ ಹರಡಿಕೊಂಡಿತ್ತು. ನಾನು ಅದನ್ನು ಊಹಿಸಿಯೇ ಇರಲಿಲ್ಲ. ಮುಂದಿನ ಮೂರು ವಾರಗಳ ಕಥೆ ಆ ಮಣಿಕಟ್ಟಿನಿಂದಲೇ ಬೆಳೆಯಿತು.

ಈ ಅಭ್ಯಾಸ ನಮ್ಮ ಕರಾವಳಿಯ ಕಡೆಯವರಿಗೆ ಹೊಸದೇನಲ್ಲ ಎಂದು ನನಗೆ ಆಮೇಲೆ ಹೊಳೆಯಿತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿಗಳು ಎದುರುಬದುರು ಕುಳಿತು, ಬರೆದಿಟ್ಟ ಸಂಭಾಷಣೆಯ ನೆರವಿಲ್ಲದೆ, ಕೃಷ್ಣನಾಗಿಯೂ ಕೌರವನಾಗಿಯೂ ಅಲ್ಲಿಯೇ ಮಾತು ಕಟ್ಟುತ್ತಾರೆ. ಕಥೆ ಎಲ್ಲಿಗೆ ಹೋಗಿ ಮುಟ್ಟಬೇಕೆಂದು ಎಲ್ಲರಿಗೂ ಗೊತ್ತು, ಆದರೆ ಹೋಗುವ ದಾರಿ ಆ ರಾತ್ರಿಯದು. ಪುತ್ತೂರಿನ ಕಡೆ ಬೆಳೆದ ನಾನು ಚಿಕ್ಕಂದಿನಲ್ಲಿ ಕೇಳಿದ ಕೂಟಗಳಲ್ಲಿ ಎರಡು ಬಗೆಯ ಅರ್ಥಧಾರಿಗಳಿದ್ದರು. ಪೀಠಿಕೆಯನ್ನೇ ಮುಕ್ಕಾಲು ಗಂಟೆ ಎಳೆದು ಎದುರಿನವರನ್ನು ಕಂಬದಂತೆ ಕೂರಿಸುವವರು ಒಂದು ಬಗೆ. ಎದುರಿನವರಿಗೆ ಹಿಡಿಯಲು ಒಂದು ಎಳೆಯನ್ನು ಬೇಕೆಂದೇ ಬಿಟ್ಟು ಮಾತು ನಿಲ್ಲಿಸುವವರು ಇನ್ನೊಂದು ಬಗೆ, ನನ್ನ ಅಜ್ಜ ದೂರದ ಊರಿಗೂ ನಡೆದು ಹೋಗಿ ಕೇಳುತ್ತಿದ್ದುದು ಇವರನ್ನು. ಸಿಮ್‌ನಲ್ಲಿ ಟ್ಯಾಗ್ ಬಿಡುವುದೆಂದರೆ ಆ ಎಳೆಯನ್ನು ಬಿಡುವುದೇ. ವ್ಯತ್ಯಾಸವಿರುವುದು ಕಾಲದಲ್ಲಿ, ಅಲ್ಲಿ ಉತ್ತರಕ್ಕೆ ಅರೆಗಳಿಗೆ ಸಿಕ್ಕರೆ ಹೆಚ್ಚು, ಇಲ್ಲಿ ಎರಡು ದಿನ ಸಿಗುತ್ತದೆ. ಹಾಗಾಗಿ ಮಾತಿನಲ್ಲಿ ಚುರುಕಿಲ್ಲದ, ಸ್ವಲ್ಪ ಯೋಚಿಸಿ ಬರೆಯುವ ನನ್ನಂಥವನಿಗೂ ಇಲ್ಲಿ ಅರ್ಥ ಹೇಳುವ ಯೋಗ ಬಂತು.

ಭಾಗವತರ ಸ್ಥಾನದಲ್ಲಿ ಇಲ್ಲಿ ನೌಕೆಯ ಕ್ಯಾಪ್ಟನ್ ಇರುತ್ತಾರೆ. ಕಥೆಯೊಳಗೆ ಅವರು ಕ್ಯಾಪ್ಟನ್ ಪಾತ್ರ. ಹೊರಗೆ, ಕಾರ್ಯಾಚರಣೆ ಎಲ್ಲಿಂದ ಎಲ್ಲಿಗೆ ಸಾಗಬೇಕೆಂದು ನೋಡಿಕೊಳ್ಳುವ ಹೊಣೆಗಾರರು. ಕಥೆ ಎಳೆದಾಡತೊಡಗಿದರೆ ಒಂದು ಸ್ಫೋಟ, ಒಂದು ಅನಿರೀಕ್ಷಿತ ಸಂದೇಶ, ಇಲ್ಲವೇ ಆ ಕಾರ್ಯಾಚರಣೆಗಷ್ಟೇ ಹುಟ್ಟುವ ಒಂದು ಉಪಪಾತ್ರವನ್ನು ತಂದು ಗತಿ ಬದಲಿಸುತ್ತಾರೆ. ಇಂತಹ ಉಪಪಾತ್ರಗಳನ್ನು ನಾವೂ ಬರೆಯಬಹುದು. ನನ್ನ ಅನುಭವದಲ್ಲಿ ಹೊಸಬರ ಬರವಣಿಗೆ ಬಿಚ್ಚಿಕೊಳ್ಳುವುದು ತಮ್ಮ ಮುಖ್ಯ ಪಾತ್ರದಲ್ಲಲ್ಲ, ಲಂಚ ಕೇಳುವ ಬಂದರು ಅಧಿಕಾರಿಯಂತಹ ಇಂತಹ ಚಿಲ್ಲರೆ ಪಾತ್ರಗಳಲ್ಲಿ. ಸೋತರೆ ನಷ್ಟವಿಲ್ಲದ ಪಾತ್ರವಾದ್ದರಿಂದ ಕೈ ಧಾರಾಳವಾಗುತ್ತದೆ.

ಸಮಯದ ವಿಚಾರಕ್ಕೆ ಬರೋಣ. ವಾರಕ್ಕೆ ಮೂರು ಬರಹಗಳನ್ನು ಕಳಿಸಬೇಕೆಂಬುದು ಸಾಮಾನ್ಯ ನಿರೀಕ್ಷೆ. ನನಗೆ ಒಂದೊಂದಕ್ಕೂ ಮುಕ್ಕಾಲು ಗಂಟೆ ಹಿಡಿಯುತ್ತದೆ; ಓದುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಏಕೆಂದರೆ ಉಳಿದ ಹತ್ತು ಮಂದಿಯೂ ಮೂರು ಮೂರು ಬರೆಯುತ್ತಾರೆ. ಇದನ್ನು ಲೆಕ್ಕ ಹಾಕದೆ ಸೇರಿದವರೇ ಮೊದಲ ತಿಂಗಳಲ್ಲಿ ಬಿಟ್ಟುಹೋಗುವುದನ್ನು ನಾನು ನೋಡಿದ್ದೇನೆ. ಎಲ್ಲವೂ ಇಮೇಲ್ ಮೂಲಕ ನಡೆಯುವುದರಿಂದ ಒಂದೇ ಹೊತ್ತಿಗೆ ಎಲ್ಲರೂ ಸೇರಬೇಕೆಂಬ ಕಟ್ಟಳೆಯಿಲ್ಲ, ಭಾರತದಲ್ಲಿ ಕುಳಿತು ಬರೆಯುವವರಿಗೆ ಇದು ದೊಡ್ಡ ಅನುಕೂಲ. ಅಮೆರಿಕದ ಪೂರ್ವ ಕರಾವಳಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆಗಳ ಅಂತರ. ನಾನು ರಾತ್ರಿ ಊಟವಾದ ಮೇಲೆ ಒಂದು ದೃಶ್ಯ ಕಳಿಸಿ ಮಲಗಿದರೆ, ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ನೌಕೆಯ ಒಂದು ಪಾರ್ಶ್ವ ಕಿತ್ತುಹೋಗಿರುತ್ತದೆ. ಹರಟೆಗೆ ಡಿಸ್ಕಾರ್ಡ್ ಇದೆ. ಅದರಲ್ಲಿ ಇರಲೇಬೇಕಾದ ಒತ್ತಡವನ್ನು ನಾನಂತೂ ಕಾಣಲಿಲ್ಲ.

ಸ್ಟಾರ್ ಟ್ರೆಕ್ ಎಷ್ಟು ಗೊತ್ತಿರಬೇಕು ಎಂಬುದು ಕೇಳಬೇಕಾದ ಪ್ರಶ್ನೆಯೇ. ನಾನು ಸೇರುವಾಗ ಒಂದು ಸರಣಿಯ ಅರ್ಧವನ್ನಷ್ಟೇ ನೋಡಿದ್ದೆ. 2003ರಿಂದ ಅಭಿಮಾನಿಗಳು ಬೆಳೆಸುತ್ತಿರುವ ಮೆಮೊರಿ ಆಲ್ಫಾ ಎಂಬ ವಿಶ್ವಕೋಶ ಅಂತರ್ಜಾಲದಲ್ಲಿದೆ, ಬಳಗದ್ದೇ ಆದ ವಿಕಿಯೂ ಇದೆ, ಅಲ್ಲಿ ಪ್ರತಿಯೊಂದು ಪಾತ್ರಕ್ಕೂ ಪುಟವಿರುತ್ತದೆ. ಕಥೆಯ ಕಾಲವನ್ನು ಲೆಕ್ಕ ಹಾಕುವುದು ಸುಲಭ: ಇಂದಿನ ಇಸವಿಗೆ 377 ಕೂಡಿಸಿದರೆ ಅಲ್ಲಿನ ಇಸವಿ ಸಿಗುತ್ತದೆ, ಅಂದರೆ ನಮ್ಮ 2024 ಅವರ 2401. ತಿಂಗಳು, ದಿನಗಳು ನಮ್ಮವೇ. ತಂತ್ರಜ್ಞಾನದ ಹೆಸರುಗಳಲ್ಲಿ ತಪ್ಪಿದರೆ ಯಾರೂ ಹೀಯಾಳಿಸುವುದಿಲ್ಲ, ಮೆಲ್ಲನೆ ತಿದ್ದುತ್ತಾರೆ. ಸಸ್ಯವಿಜ್ಞಾನಿಯಾಗಿದ್ದರಿಂದ ನನಗೆ ಇನ್ನೂ ಒಂದು ಅನುಕೂಲವಾಯಿತು. ಯಾರೂ ಕೇಳಿರದ ಗ್ರಹದ ಯಾರೂ ಕಂಡಿರದ ಗಿಡಕ್ಕೆ ಯಾವ ವಿಶ್ವಕೋಶವೂ ಅಡ್ಡಿಯಾಗುವುದಿಲ್ಲ.

ಇಂಗ್ಲಿಷ್ ಮಾತ್ರ ಅನಿವಾರ್ಯ. ವ್ಯಾಕರಣ ಶುದ್ಧವಾಗಿದ್ದರೆ ಸಾಕು, ಅಲಂಕಾರ ಬೇಕಿಲ್ಲ. ಆದರೂ ಸಂಭಾಷಣೆಯ ಸಹಜ ಲಯ ನನಗೆ ಕನ್ನಡದಲ್ಲಿ ಬರುವಷ್ಟು ಇಂಗ್ಲಿಷಿನಲ್ಲಿ ಬರುವುದಿಲ್ಲ ಎಂಬ ಕೊರಗು ಉಳಿದೇ ಇದೆ. ತುಂಗಾ ಸಿಟ್ಟಾದಾಗ ಅವಳ ಮನಸ್ಸಿನಲ್ಲಿ ಹೊರಡುವ ಮಾತು ಅಚ್ಚ ಪುತ್ತೂರಿನದು. ಕಾಗದಕ್ಕೆ ಇಳಿಯುವಾಗ ಅದು ಯಾವುದೋ ಕಚೇರಿಯ ಸುತ್ತೋಲೆಯಾಗಿರುತ್ತದೆ. ರಾಜಶೇಖರ ಭೂಸನೂರಮಠರಂತಹವರು ವೈಜ್ಞಾನಿಕ ಕಥೆಗಳಿಗೆ ಒಗ್ಗಿಸಿಕೊಟ್ಟ ಕನ್ನಡದಲ್ಲಿ ಇಂತಹದ್ದೊಂದು ನೌಕೆಯನ್ನು ಹೊರಡಿಸಲು ತರಬೇತುಗೊಂಡ ಐದಾರು ಮಂದಿ ಸಾಕು ಎಂದು ನನಗೆ ಈಗ ತೋರುತ್ತದೆ. ಮೊದಲಾಗಿದ್ದರೆ ತಂತ್ರಾಂಶ ಬೇಕು, ಜಾಲತಾಣ ಬೇಕು ಎಂದು ಯೋಚಿಸುತ್ತಿದ್ದೆ.

ಒಪ್ಪಿಗೆಯಾಗದ ಸಂಗತಿಗಳೂ ಇವೆ. ಹಸ್ತಪ್ರತಿಯ ಸ್ವರೂಪ ಕೂಡಿ ಬರೆಯುವುದಕ್ಕೆ ಎಷ್ಟು ಅನುಕೂಲವೋ ಓದುವುದಕ್ಕೆ ಅಷ್ಟೇ ಶುಷ್ಕ. ಕಾದಂಬರಿಯ ಗದ್ಯದಲ್ಲಿ ಒಬ್ಬರ ಮಾತು ಇನ್ನೊಬ್ಬರ ಮೌನಕ್ಕೆ ಬೆರೆಯುವ ಸೊಗಸು ಈ ಚಿಹ್ನೆಗಳ ನಡುವೆ ಬರುವುದು ಕಷ್ಟ. ಒಂದೇ ಪ್ರಶ್ನೋತ್ತರ ಮೂವರ ಮೂರು ಇಮೇಲ್‌ಗಳಲ್ಲಿ ಪುನರಾವರ್ತನೆಯಾಗುವುದರಿಂದ ಹೊರಗಿನವರು ಒಂದು ಕಾರ್ಯಾಚರಣೆಯನ್ನು ಆದಿಯಿಂದ ಅಂತ್ಯದವರೆಗೆ ಓದಿ ಸವಿಯಲಾರರು. ಸೈನಿಕ ದರ್ಜೆಗಳ ಏಣಿ ಕೆಲವರಿಗೆ ಉಸಿರು ಕಟ್ಟಿಸಬಹುದು. ನಿಮ್ಮ ಟ್ಯಾಗ್‌ಗೆ ಉತ್ತರಿಸಬೇಕಾದವರು ಪರೀಕ್ಷೆಯಲ್ಲೋ ಜ್ವರದಲ್ಲೋ ಇದ್ದರೆ ದೃಶ್ಯ ನಿಂತೇ ಇರುತ್ತದೆ. ಬರೆದದ್ದು ಎಷ್ಟೇ ಚೆನ್ನಾಗಿದ್ದರೂ ಅದನ್ನು ಮಾರುವ ಹಾಗಿಲ್ಲ ಎಂಬುದು ಎಲ್ಲಕ್ಕಿಂತ ಮುಖ್ಯವಾದದ್ದು, ಏಕೆಂದರೆ ನಾವು ನಿಂತಿರುವ ಜಗತ್ತು ಇನ್ನೊಬ್ಬರ ಸೊತ್ತು. ಆ ಸೊತ್ತಿನ ಒಡೆಯರು 2016ರಲ್ಲಿ ಅಭಿಮಾನಿಗಳು ತಯಾರಿಸುವ ಚಲನಚಿತ್ರಗಳಿಗೆ ಒಂದು ಭಾಗಕ್ಕೆ ಹದಿನೈದು ನಿಮಿಷ, ಒಟ್ಟು ಮೂವತ್ತು ನಿಮಿಷ ಎಂಬ ಮಿತಿ ಹಾಕಿದರು. ಅದು ಬರವಣಿಗೆಗೆ ಹಾಕಿದ ಮಿತಿಯಲ್ಲವಾದರೂ ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಾಗಿನ ಎಚ್ಚರ ನಮಗೂ ಇರಬೇಕಾಗುತ್ತದೆ.

ಆ ಎಚ್ಚರ ಬೇಡವೆನ್ನುವವರಿಗೆ ಬೇರೆ ಬಗೆಯ ಸಾಮೂಹಿಕ ಬರವಣಿಗೆಗಳಿವೆ. 2007ರಲ್ಲಿ ಒಂದೇ ಒಂದು ಅನಾಮಧೇಯ ಬರಹದಿಂದ ಹುಟ್ಟಿದ ಎಸ್‌ಸಿಪಿ ಫೌಂಡೇಶನ್ ಎಂಬ ಭಯಾನಕ ಕಥೆಗಳ ಜಾಲತಾಣದ ಬರಹಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಮೂಲ ಲೇಖಕರನ್ನು ಹೆಸರಿಸಿ, ಅದೇ ಪರವಾನಗಿಯನ್ನು ಉಳಿಸಿಕೊಂಡರೆ ಮಾರುವುದಕ್ಕೂ ಅಡ್ಡಿಯಿಲ್ಲ. 2000ದಲ್ಲಿ ಆರಂಭವಾದ ದೂರದ ಭವಿಷ್ಯವನ್ನು ಕಲ್ಪಿಸುವ ಓರಿಯನ್ಸ್ ಆರ್ಮ್ ಇನ್ನೂ ಶಿಸ್ತಿನದು, ಅಲ್ಲಿ ಬೆಳಕಿನ ವೇಗವನ್ನು ಮೀರುವ ನೌಕೆಗೆ ಪ್ರವೇಶವೇ ಇಲ್ಲ. ಎರಡನ್ನೂ ನಾನು ಮೆಚ್ಚಿ ಓದುತ್ತೇನೆ. ಆದರೆ ಅವುಗಳಲ್ಲಿ ಒಬ್ಬೊಬ್ಬರೂ ತಮ್ಮ ಲೇಖನವನ್ನು ತಾವೇ ಪೂರ್ತಿ ಬರೆದು ಒಪ್ಪಿಸುತ್ತಾರೆ. ಖಾಲಿ ಬಿಟ್ಟ ಜಾಗವನ್ನು ಅಪರಿಚಿತರೊಬ್ಬರು ತುಂಬಿಕೊಡುವ ಬೆರಗು ಅಲ್ಲಿಲ್ಲ, ನನ್ನನ್ನು ಈ ಹವ್ಯಾಸದಲ್ಲಿ ಉಳಿಸಿರುವುದು ಆ ಬೆರಗೇ.

ಸೇರುವ ಮನಸ್ಸಿರುವವರು ಪರೀಕ್ಷೆ, ಮದುವೆ, ಲೆಕ್ಕಪತ್ರದ ವರ್ಷಾಂತ್ಯ ಇವು ಯಾವುವೂ ಇಲ್ಲದ ತಿಂಗಳನ್ನು ಆರಿಸಿಕೊಳ್ಳಲಿ. ಹುದ್ದೆಗಳಲ್ಲಿ ವೈದ್ಯ ಅಥವಾ ವಿಜ್ಞಾನಿಯನ್ನು ನಾನು ಸೂಚಿಸುತ್ತೇನೆ, ಏಕೆಂದರೆ ಗಾಯವಾದವರು ವೈದ್ಯರ ಬಳಿಗೆ ಬರಲೇಬೇಕು, ವಿಚಿತ್ರ ಕಂಡವರು ವಿಜ್ಞಾನಿಯನ್ನು ಕರೆಯಲೇಬೇಕು. ಹೊಸಬರು ದೃಶ್ಯಗಳನ್ನು ಹುಡುಕಿಕೊಂಡು ಅಲೆಯುವ ತೊಂದರೆ ತಪ್ಪುತ್ತದೆ. ನೌಕಾಚಾಲಕರ ಹುದ್ದೆ ದೂರದಿಂದ ಆಕರ್ಷಕವಾಗಿ ಕಂಡರೂ ನೌಕೆ ಬಂದರಿನಲ್ಲಿ ನಿಂತ ವಾರಗಳಲ್ಲಿ ಬರೆಯಲು ಏನೂ ಇರುವುದಿಲ್ಲ.

ಬಿಡುವು ಬೇಕಾದರೆ ಮುಂಚಿತವಾಗಿ ತಿಳಿಸಿ ರಜೆ ಪಡೆಯುವ ಕ್ರಮವೂ ಇದೆ. ಕಳೆದ ನವರಾತ್ರಿಗೆ ಹತ್ತು ದಿನ ಊರಿಗೆ ಹೋದಾಗ ನಾನು ಹಾಗೆ ತಿಳಿಸಿ ಹೋಗಿದ್ದೆ. ಮರಳಿ ಬಂದು ಇಮೇಲ್ ತೆರೆದರೆ ನನ್ನ ಸಹಬರಹಗಾರರು ತುಂಗಾಳ ಬಾಯಿಂದ ಒಂದು ಮಾತನ್ನೂ ಆಡಿಸಿರಲಿಲ್ಲ. ಅವಳು ಪ್ರಯೋಗಾಲಯದ ಬಾಗಿಲು ಮುಚ್ಚಿಕೊಂಡು ಬೀಜಗಳನ್ನು ಎಣಿಸುತ್ತಿದ್ದಾಳೆ, ಯಾರೂ ತೊಂದರೆ ಕೊಡಬೇಡಿ ಎಂದು ಡಾಕ್ಟರ್ ಹೊರಗೆ ನಿಂತು ಎಲ್ಲರಿಗೂ ಹೇಳುತ್ತಿದ್ದರು. ಆ ಬೀಜಗಳು ಎಷ್ಟಿದ್ದವೆಂಬುದನ್ನು ಮಾತ್ರ ನನಗೇ ಬಿಟ್ಟಿದ್ದರು.